ಅತ್ತೆಯ ದೋಟಿ

ನಮ್ಮ ಅತ್ತೆ ಕೊಟ್ರಮ್ಮನಿಗೆ ಹೆಬ್ಬೇವೆಂದರೆ ಸವತಿ. ಮಾಡದಕೆರೆಯ ನಮ್ಮ ಮೂರೆಕರೆಯಲ್ಲಿ ಒಂದೆಕರೆ ಅತ್ತೆಯ ಅವರೆ ಹೊಲವಾಗಿತ್ತು. ಮಾವ ನಾಗರಾಜಪ್ಪ ಅತ್ತೆಯನ್ನು ಒಂದು ಮಾತೂ ಕೇಳದೆ ಅಲ್ಲಿ ಹೆಬ್ಬೇವು ನೆಟ್ಟುಬಿಟ್ಟರು. ಆರೇಳು ವರ್ಷಕ್ಕೆ ಪ್ಲೈವುಡ್ಡಿನವರು ಬಂದು ಕೊಳ್ಳುತ್ತಾರೆ, ಕೂಲಿ ಖರ್ಚು ಕಡಿಮೆ, ಮಳೆ ಕೈಕೊಟ್ಟರೂ ಮರ ನಿಲ್ಲುತ್ತದೆ ಎಂಬುದು ಮಾವನ ಲೆಕ್ಕ. ಲೆಕ್ಕದಲ್ಲೇನೂ ತಪ್ಪಿರಲಿಲ್ಲ. ಅತ್ತೆಯನ್ನು ಕೇಳದೆ ಹಾಕಿದ್ದೇ ತಪ್ಪು.

ಮೊದಲೆರಡು ವರ್ಷ ಮರದ ಸಾಲಿನ ನಡುವೆ ಅವರೆ ಬಂತು. ಆಮೇಲೆ ನೆರಳು ಬಿದ್ದು ಗಿಡ ಹೂವೇ ಕಟ್ಟಲಿಲ್ಲ. ಊರಿಗೆಲ್ಲ ಸೊಗಡಿನ ಅವರೆಕಾಯಿ ಹಂಚುತ್ತಿದ್ದ ಅತ್ತೆ, ಹೊಸದುರ್ಗದ ಸಂತೆಯಲ್ಲಿ ಚೀಲ ಹಿಡಿದು ಕೊಳ್ಳುವಂತಾಯಿತು. ಅದು ಅವರಿಗೆ ಬಹಳ ಅವಮಾನವಾಯಿತು.

"ಮರ ಕಡಿದ ದಿನ ನನ್ನ ಹೊಲ ನನಗೆ ಬಿಡ್ಬೇಕು," ಎಂದರು.

"ಬಿಡ್ತೀನಿ. ಅಲ್ಲೀತನಕ ಯಾರೂ ಮರ ಮುಟ್ಟಬಾರ್ದು. ಒಂದ್ ಕೊಂಬೆ ಮುರಿದ್ರೂ ನಾನು ಸುಮ್ನಿರಲ್ಲ," ಎಂದರು ಮಾವ.

ಅತ್ತೆಗೆ ಅಷ್ಟು ಸಾಕಾಯಿತು. ಮಾವ ಸಿರಿಗೆರೆ ಮಠಕ್ಕೆ ಹೊರಟಾಗಲೆಲ್ಲ ಕೊಟ್ಟಿಗೆಯಿಂದ ಕುಡುಗೋಲು ಕಟ್ಟಿದ ದೋಟಿ ತೆಗೆದುಕೊಂಡು ಹೋಗುತ್ತಿದ್ದರು. ಕೈಗೆ ಸಿಕ್ಕ ಪಕ್ಕದ ಕೊಂಬೆಗಳನ್ನೆಲ್ಲ ಸವರಿ ಆಡುಗಳಿಗೆ ಹಾಕುತ್ತಿದ್ದರು. ಮಾವ ಬಂದು ಕೂಗಾಡುವರು. ಅತ್ತೆ ಒಲೆಯ ಮುಂದೆ ಮುಸಿಮುಸಿ ನಗುವರು. ಅವರ ಆ ನಗು ನನಗೂ ಇಷ್ಟವಾಗಿತ್ತು, ಅದಕ್ಕೇ ನಾನು ಯಾವತ್ತೂ ಬಾಯಿ ಬಿಡಲಿಲ್ಲ.

ಈ ವರ್ಷ ಮರದ ವ್ಯಾಪಾರಿ ಎರ್ರಿಸ್ವಾಮಿ ಹಿರಿಯೂರಿನಿಂದ ಬಂದ. ಒಂದೊಂದು ಬೊಡ್ಡೆಯ ಮೇಲೂ ಕೈಯಾಡಿಸಿ ನೋಡಿದ. ಮನೆಗೆ ಬಂದು ಜಗಲಿ ಮೇಲೆ ಕುಳಿತ.

"ಗಂಟೇ ಇಲ್ಲ ನೋಡ್ರಿ. ಪಕ್ಕದ ಹೊಲದವ್ರದು ಬರೀ ಗಂಟು, ಸೌದೆ ರೇಟಿಗೆ ಹೋಯ್ತು. ನಿಮ್ದು ಪ್ಲೈವುಡ್ಡಿನ ಹಾಳೆ ಸುಲಿಯಾಕೆ ಆಗ್ತೈತೆ, ಒಳ್ಳೆ ರೇಟೇ ಕೊಡ್ತೀನಿ. ಎಳೇದ್ರಾಗೇ ಕೊಂಬೆ ಸವರಿದ್ರೆ ಗಂಟು ಬರಲ್ಲ. ಸವರಿದ್ಯಾರು?"

ಅತ್ತೆ ಸೆರಗು ಸರಿಮಾಡಿಕೊಂಡು ಹೊರಗೆ ಬಂದರು. "ನಾನೇ. ಇವ್ರು ಬ್ಯಾಡ ಬ್ಯಾಡ ಅಂತಿದ್ರು."

ಮಾವ ನೆಲ ನೋಡುತ್ತ ಕುಳಿತಿದ್ದರು. ಅವರ ಮೀಸೆಯೊಳಗೆ ನಗು ಇತ್ತು. ಅತ್ತೆ ಅದನ್ನು ಕಂಡರು, ಆಮೇಲೆ ಗೋಡೆಗೊರಗಿದ್ದ ದೋಟಿಯನ್ನು ಕಂಡರು. ಮೊದಲ ವರ್ಷ ಅದು ಮಾರುದ್ದ ಇತ್ತು. ಮರ ಬೆಳೆದಂತೆ ದೋಟಿಯೂ ಬೆಳೆದಿತ್ತು. ಅತ್ತೆ ಯಾವತ್ತೂ ಅದಕ್ಕೆ ಬಿದಿರು ಕಟ್ಟಿದವರಲ್ಲ.

ನನ್ನ ಕಡೆ ತಿರುಗಿದರು. ಮಾವ ಬಿದಿರು ಕಟ್ಟುವುದನ್ನು ಕಂಡಿದ್ದ ನಾನು ಪಾತ್ರೆ ತಿಕ್ಕುವುದರಲ್ಲಿ ಮಗ್ನಳಾದೆ.

"ನರ್ಸರಿಯವ್ರು ಸವರ್ಬೇಕು ಅಂದಿದ್ರು," ಎಂದರು ಮಾವ. "ಸವರು ಅಂದಿದ್ರೆ ನೀನು ಸವರ್ತಿದ್ದೇನು?"

ಖಂಡಿತ ಸವರುತ್ತಿರಲಿಲ್ಲ. ಅತ್ತೆಗೆ ಕೆಂಡದಂಥ ಸಿಟ್ಟು ಬಂತು, ಅದರ ಹಿಂದೆಯೇ ನಗು ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸೆರಗಿನಿಂದ ಒರೆಸಿಕೊಂಡು, "ಇರ್ಲಿ. ನನ್ನ ಹೊಲ?" ಎಂದರು.

ಕಡಿದ ಬುಡ ಮತ್ತೆ ಚಿಗುರುತ್ತದೆ, ಹೊಸ ಸಸಿಯ ಖರ್ಚಿಲ್ಲದೆ ಇನ್ನೊಂದು ಫಸಲು. ಮಾವನಿಗೆ ಅದರ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೂ, "ಮಾತು ಕೊಟ್ಟೀನಿ, ಬುಡ ಎಲ್ಲ ಕೀಳಿಸ್ತೀನಿ," ಎಂದರು.

ಲಾರಿ ಮರ ಹೊತ್ತು ಹೋದ ಮೇಲೆ ಅತ್ತೆ ಬಯಲಾದ ಹೊಲದಲ್ಲಿ ಒಂದು ಸುತ್ತು ತಿರುಗಿ ಬಂದರು.

"ಸಾಲು ಬಿಟ್ಟು ಸಾಲು ಕೀಳಿಸ್ರಿ. ಉಳಿದದ್ದು ಚಿಗುರ್ಲಿ. ಆಡಿಗೆ ಸೊಪ್ಪು ಬೇಕಲ್ಲ."

ಮಾವ ಗೂಟದ ಕಟ್ಟು ಹೆಗಲಿಗೇರಿಸಿ ಅಂಗಳದಲ್ಲಿ ನಿಂತರು. "ಅವರೆ ಎಲ್ಲಿಂದ ಎಲ್ಲೀತನಕ ಬೇಕು? ನೀನು ಹೇಳು, ಅಲ್ಲಿ ಗೂಟ ಹೊಡೀತೀನಿ."

ಆ ಹೊಲದ ವಿಷಯದಲ್ಲಿ ಮಾವ ಅತ್ತೆಯನ್ನು ಕೇಳಿದ್ದು ಅದೇ ಮೊದಲು. ಅತ್ತೆಗೆ ಉತ್ತರ ಗೊತ್ತಿತ್ತು, ಆದರೂ ಹೇಳುವ ಆತುರವಿರಲಿಲ್ಲ.

"ಕುಂತ್ಕಳ್ರಿ," ಎಂದರು. "ಟೀ ಕುಡಿದು ಹೇಳ್ತೀನಿ."