ಉದಗೀರದ ಬಾಲ

ಸುಮನಬಾಯಿ ವಾಟ್ಸಾಪ್ ಗ್ರೂಪ್ ಬಿಟ್ಟುಹೋದದ್ದನ್ನು ಜಗದೇವಿ ಫೋನಿನಲ್ಲಿ ಮತ್ತೆ ಮತ್ತೆ ನೋಡುತ್ತಿದ್ದಾಗಲೇ ಒಲೆಯ ಮೇಲಿನ ಚಹಾ ಉಕ್ಕಿ ಹರಿಯಿತು. ಹರಿದರೆ ಹರಿಯಲಿ! ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತ ಗೆಳತಿ ಒಂದು ಮಾತೂ ಹೇಳದೆ ಎದ್ದು ಹೋಗುವುದೆಂದರೇನು?

ಆ ಗ್ರೂಪ್ ಕಟ್ಟಿದವಳು ಜಗದೇವಿಯ ಸೊಸೆ ಮೀನಲ. ಮಾಟಗಾರರ ಕಥೆ, ಗ್ರಹತಾರೆಗಳ ಕಥೆ ಓದುವ ಹುಚ್ಚರೆಲ್ಲ ಅದರೊಳಗಿದ್ದಾರೆ. ಭಾನುವಾರ ಬಂತೆಂದರೆ ಒಂದೇ ಪ್ರಶ್ನೆ: ಈಗ ಏನು ಓದುತ್ತಿದ್ದೀರಿ? ಲಾತೂರಿನ ಹುಡುಗರು ಡ್ರ್ಯಾಗನ್ನುಗಳ ಐದನೇ ಭಾಗ ಎನ್ನುತ್ತಾರೆ. ಸೋಲಾಪುರದ ಡಾಕ್ಟರೊಬ್ಬರು ಯಂತ್ರಮಾನವರು ದೇವರಿಗೆ ಹರಕೆ ಹೊರುವ ಕಥೆ ಎನ್ನುತ್ತಾರೆ. ಅವರ ನಡುವೆ ಮೂವರು ಅಜ್ಜಿಯರು: ಉಮರ್ಗಾದ ಜಗದೇವಿ, ನಿಲಂಗಾದ ಮೀರಾಬಾಯಿ, ಉದಗೀರದ ಸುಮನಬಾಯಿ. ಮೂವರೂ ಓದುವುದು ಮರಾಠಿ, ಜಗಳಾಡುವುದು ಕನ್ನಡ.

ಹೋದ ಭಾನುವಾರ ಮೀನಲ ಒಂದು ಫೋಟೋ ಹಾಕಿದ್ದಳು. ಏಳು ಚಂದ್ರರ ಲೋಕಕ್ಕೆ ಹೋಗುವ ಹುಡುಗಿಯ ಕಥೆ ಮತ್ತೆ ಅಚ್ಚಾಗಿ ಬಂದಿದೆ, ನಮ್ಮ ಅತ್ತೆಯೂ ಅವರ ಗೆಳತಿಯರೂ ಹಿಂದೆ ಓದಿದ್ದರಂತೆ, ಎಲ್ಲರೂ ಕೂಡಿ ಓದೋಣ ಎಂದು ಬರೆದಿದ್ದಳು. ಎರಡು ತಾಸಿನೊಳಗೆ ಸುಮನಬಾಯಿ ಮಾಯ. ಅಂದಿನಿಂದ ಫೋನೂ ಎತ್ತುತ್ತಿಲ್ಲ.

ಯಾಕೆಂಬುದು ಜಗದೇವಿಗೆ ಚೆನ್ನಾಗಿ ಗೊತ್ತಿತ್ತು.

ಮೂವತ್ತಾರು ವರ್ಷದ ಹಿಂದೆ ಮೂವರ ಮದುವೆಯೂ ಒಂದೇ ಬೇಸಿಗೆಯಲ್ಲಿ ಆಗಿ, ಮೂರು ಊರಿಗೆ ಮೂವರು ಬಿದ್ದರು. ಪ್ರತಿ ಸಲವೂ ಪುಸ್ತಕ ಒಂದು, ಓದುವವರು ಮೂವರು, ತಾಳ್ಮೆ ಯಾರಿಗೂ ಇಲ್ಲ. ಜಗದೇವಿ ಕುರಿ ಸಾಕುವ ಮನೆಯವಳು. ತವರಿನಿಂದ ಉಣ್ಣೆ ಕತ್ತರಿಸುವ ಕತ್ತರಿ ತಂದು, ಪುಸ್ತಕದ ಬೆನ್ನಿನ ದಾರ ಕತ್ತರಿಸಿ ಮೂರು ಪಾಲು ಮಾಡಿದಳು. ಅವಕ್ಕೆ ಹೆಸರೂ ಇಟ್ಟಳು: ತಲಿ, ಹೊಟ್ಟಿ, ಬಾಲ. ತಲೆ ಉಮರ್ಗಾದಲ್ಲಿ, ಹೊಟ್ಟೆ ನಿಲಂಗಾಕ್ಕೆ, ಬಾಲ ಉದಗೀರಕ್ಕೆ. ಹದಿನೈದು ದಿನಕ್ಕೊಮ್ಮೆ ಅದಲುಬದಲು. ಕಡಕ್ ರೊಟ್ಟಿಯ ಗಂಟಿನೊಳಗೆ ಪುಸ್ತಕ ಸೇರಿಸಿ, ಕಂಡಕ್ಟರ್ ಭೀಮಶಾನ ಕೈಗೆ ಕೊಟ್ಟರೆ ಸಾಕು. ತವರಿನ ಬುತ್ತಿಯೆಂದು ತಿಳಿದು ಯಾವ ಅತ್ತೆಯೂ ಅದನ್ನು ಬಿಚ್ಚುತ್ತಿರಲಿಲ್ಲ.

ಹೀಗಾಗಿ ಸುಮನಬಾಯಿ ಪ್ರತಿ ಕಥೆಯನ್ನೂ ಬಾಲದಿಂದಲೇ ಶುರು ಮಾಡುತ್ತಿದ್ದಳು. ಮೊದಲು ರಾಕ್ಷಸ ಸಾಯಬೇಕು, ಹದಿನೈದು ದಿನದ ಮೇಲೆ ಹುಟ್ಟಬೇಕು! ಬಾಲ ಓದಿದವಳು ಉಳಿದಿಬ್ಬರಿಗೆ ಒಂದಕ್ಷರವನ್ನೂ ಹೇಳಬಾರದು. ಅದಕ್ಕೆ ಜಗದೇವಿಯ ಮನೆದೇವರು ಬೀರಪ್ಪನ ಆಣೆ ಹಾಕಿಕೊಂಡಿದ್ದರು.

ಏಳು ಚಂದ್ರರ ಕಥೆಯ ಬಾಲ ಮಾತ್ರ ಉದಗೀರದಿಂದ ಅಚ್ಚಿನಲ್ಲಿ ಬರಲಿಲ್ಲ. ಸುಮನಬಾಯಿಯ ಗುಂಡನೆಯ ಅಕ್ಷರದ ಒಂದು ನೋಟ್‌ಬುಕ್ ಬಂತು. ಮಳೆಗೆ ತೊಯ್ದು ಹೋಯಿತು, ನಕಲು ಮಾಡಿದ್ದೇನೆ ಎಂದು ಚೀಟಿ ಇಟ್ಟಿದ್ದಳು. ಅದರಲ್ಲಿ ಏಳನೇ ಚಂದ್ರನಿಗೆ ಹೋದ ಹುಡುಗಿ ತಿರುಗಿ ಬರುತ್ತಾಳೆ. ಬೇವಿನ ಮರದ ಕೆಳಗೆ ಇಬ್ಬರು ಗೆಳತಿಯರ ಜೊತೆ ಕೂತು ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಾಳೆ. ಶೇಂಗಾ ಹಿಂಡಿ! ನಮ್ಮ ಕಡೆಯ ಆ ಚಟ್ನಿಪುಡಿಯನ್ನು ಪುಣೆಯ ಯಾವ ಲೇಖಕ ಬರೆದಾನು?

ಜಗದೇವಿಗೆ ಅಂದೇ ತಿಳಿದಿತ್ತು. ಆದರೆ ಆ ವರ್ಷ ಅವಳ ಚೊಚ್ಚಲ ಮಗು ಹುಟ್ಟಿದ ಮೂರು ತಿಂಗಳಿಗೆ ಹೋಗಿತ್ತು. ಹೋದವಳು ಬಂದಳು ಎಂಬ ಆ ಸಾಲನ್ನು ಓದಿ ಓದಿ ಅವಳು ಬದುಕಿದಳು. ನಿಜ ಕೇಳುವ ಮನಸ್ಸೇ ಆಗಲಿಲ್ಲ.

ಈಗ ಅವಳು ಮೀನಲಳ ಹೊಸ ಪುಸ್ತಕವನ್ನೂ ಹಳೆಯ ಕತ್ತರಿಯನ್ನೂ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದಳು. ನಿಲಂಗಾದಲ್ಲಿ ಮೀರಾಬಾಯಿ ಮೊಣಕಾಲು ಹಿಡಿದುಕೊಂಡು, ಸುಮನಳನ್ನು ಬೈಯುತ್ತ ಹತ್ತಿದಳು. ವಲಾಂಡಿ, ದೇವಣಿ ದಾಟಿದರೂ ಬೈಗುಳ ಮುಗಿಯಲಿಲ್ಲ.

ಬಾಗಿಲು ತೆರೆದ ಸುಮನಬಾಯಿ ಇಬ್ಬರನ್ನೂ ನೋಡಿ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಓದಿ ಬಂದೀರೇನ? ಬೈಯಾಕ ಬಂದೀರೇನ?" ಎಂದಳು. "ನಮ್ಮತ್ತಿ ಬುತ್ತಿ ಬಿಚ್ಚಿದ್ಳವ್ವಾ. ಬಾಲ ಒಲಿಗಿ ಹಾಕಿದ್ಳು. ನಾ ನಾಕ್ ಪಾನಾ ಸೈತ ಓದಿದ್ದಿಲ್ಲ. ಕೂಸು ಕಳ್ಕೊಂಡಾಕಿಗಿ ನಾ ಖೋಟಾ ಕಥಿ ಬರ್ದು ಕೊಟ್ಟೀನಿ, ಜಗದೇವಿ. ಯಾ ಮಾರಿ ತೋರಿಸ್ಲಿ?"

ಜಗದೇವಿ ಚೀಲದಿಂದ ಆ ನೋಟ್‌ಬುಕ್ ತೆಗೆದು ಗೆಳತಿಯ ಮಡಿಲಿಗೆ ಇಟ್ಟಳು. ರಟ್ಟು ಎರಡು ಸಲ ಹೊಲಿಸಿದ್ದು, ಅಂಚುಗಳು ಎಣ್ಣೆಗಟ್ಟಿದ್ದವು.

"ಹುಚ್ಚಿ, ನನಗ ಅವತ್ತೇ ಗೊತ್ತದ. ಇದು ಇಲ್ದಿದ್ರ ನಾ ಆ ವರ್ಷ ಬಾವಿ ನೋಡ್ತಿದ್ದೆ. ನೀ ಬರ್ದೀದಿ ಅಂತೇ ಇಟ್ಕೊಂಡೀನಿ."

ಮೀರಾಬಾಯಿ ಇಬ್ಬರನ್ನೂ ನೋಡಿದಳು. "ಅಗ ಬಾಯಿ! ನನಗ್ಯಾಕ ಯಾರೂ ಹೇಳಿಲ್ಲ? ನಾ ಖರೇ ಅಂತ ನಂಬೀನಿ!"

ಮೂವರೂ ನಕ್ಕರು, ಅತ್ತರು, ಮತ್ತೆ ನಕ್ಕರು. ಕಣ್ಣೊರೆಸಿಕೊಂಡ ಮೇಲೆ ಸುಮನಬಾಯಿ ಮೆಲ್ಲಗೆ ಕೇಳಿದಳು, "ಹಂಗಾದ್ರ ಖರೇ ಬಾಲದಾಗ ಏನದ?"

"ನನಗೇನ್ ಗೊತ್ತು? ಬಾಲ ಉದಗೀರದ್ದು," ಎಂದಳು ಜಗದೇವಿ. ಕತ್ತರಿ ತೆಗೆದು ಹೊಸ ಪುಸ್ತಕದ ಬೆನ್ನು ಸೀಳಿದಳು. ಕೊನೆಯ ಪಾಲನ್ನು ಸುಮನಬಾಯಿಗೆ, ನಡುವಿನದನ್ನು ಮೀರಾಬಾಯಿಗೆ ಕೊಟ್ಟು, ತಲೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಸೊಸೆಗೆ ಏನು ಹೇಳುವುದೋ, ಆಮೇಲೆ ನೋಡಿದರಾಯಿತು.

ಮೂರನೇ ಭಾನುವಾರ ಸುಮನಬಾಯಿ ಗ್ರೂಪಿಗೆ ಮರಳಿದ್ದಳು. ಈಗ ಏನು ಓದುತ್ತಿದ್ದೀರಿ ಎಂದು ಮೀನಲ ಕೇಳಿದಾಗ ಅವಳ ಉತ್ತರವೇ ಮೊದಲು ಬಂತು.

"ಬಾಲ ಮುಗಿಸೀನಿ. ಹುಡುಗಿ ಬರ್ತಾಳೋ ಇಲ್ಲೋ, ಹೇಳಂಗಿಲ್ಲ, ಬೀರಪ್ಪನ ಆಣಿ. ತಲಿ ಬರೂ ದಾರಿ ನೋಡ್ಲಾಕತ್ತೀನಿ. ಉಮರ್ಗಾದ ಮುದುಕಿ ಭಾಳ ಸಾವಕಾಶ ಓದ್ತಾಳ."

ಜಗದೇವಿ ಫೋನನ್ನು ಬದಿಗಿಟ್ಟು, ರೊಟ್ಟಿ ಕಟ್ಟುವ ಬಟ್ಟೆ ಹುಡುಕಲು ಎದ್ದಳು.