ವಿಭೂತಿ ಹಚ್ಚಿದ ಸಿ.ಡಿ.

ಹಳದಿ ಬಟ್ಟೆಯಲ್ಲಿ ಸುತ್ತಿದ ಸಿ.ಡಿ.ಯನ್ನು ಸುಮಂಗಲಾ ನನ್ನ ಕೌಂಟರಿನ ಮೇಲೆ ಎರಡೂ ಕೈಯಿಂದ ಇಳಿಸಿದಳು, ದೇವರ ಜಗಲಿಯಿಂದ ಫೋಟೊ ಇಳಿಸಿದ ಹಾಗೆ.

“ಅಪ್ಪನ ದನಿ ಇರೋದು ಇದೊಂದ್ರಾಗs ನೋಡ್ರಿ ಬಸಲಿಂಗಣ್ಣ. ಬರೋ ಸೋಮವಾರ ವರ್ಷದ ದಿನ. ಅವತ್ತ ಅವ್ವಗ ಕೇಳಸಬೇಕು.”

ಅವಳಪ್ಪ ಅಂದರೆ ಬೋನಾಳದ ತಾಯಪ್ಪ. ಸುರಪುರದ ಸುತ್ತ ಯಾರ ಮನೆಯಲ್ಲಿ ಸಾವಾದರೂ ಹೆಣ ಎತ್ತುವ ತನಕ ಅವನ ಭಜನಿ ಮೇಳ ಕೂತು ಹಾಡುತ್ತಿತ್ತು. ಅವನಿಗೆ ದಮ್ಮು. ನುಡಿಯ ನಡುವೆ ಉಸಿರು ಕಟ್ಟಿದರೆ ಸುಮ್ಮನೆ ಎಡಗೈ ಎತ್ತುತ್ತಿದ್ದ. ಹಿಂದೆ ಕೂತ ಭಾಗಣ್ಣ ಮತ್ತು ಹಿಮ್ಮೇಳದವರು ತಕ್ಷಣ ಪಲ್ಲವಿ ಹಿಡಿದು, ಅವನಿಗೆ ಮತ್ತೆ ಉಸಿರು ಬರುವ ತನಕ ಅದನ್ನೇ ತಿರುಗಿಸುತ್ತಿದ್ದರು. ಹೆಣದ ಮುಂದೆ ಪದ ನೆಲಕ್ಕೆ ಬೀಳಬಾರದು, ಅದು ಅವರ ಮೇಳದ ಕಟ್ಟುಪಾಡು.

ತಾಯಪ್ಪ ತಾನೇ ಕಟ್ಟಿದ ಪದ ಒಂದಿತ್ತು:

‘ದೀಪ ಸಣ್ಣ ಮಾಡಬ್ಯಾಡs, ಬರುವವ ಇನ್ನೂ ದಾರ್ಯಾಗಾನ.’

ಹೋದ ವರ್ಷ ಅವನೇ ತೀರಿಕೊಂಡಾಗ ಮೇಳ ಎಲ್ಲ ಪದ ಹಾಡಿತು, ಅದೊಂದನ್ನು ಬಿಟ್ಟು. “ಅವರ ಪದ ಅವರs ಹಾಡಬೇಕು” ಅಂದುಬಿಟ್ಟಿದ್ದಳು ಹೆಂಡತಿ ಸುಂದ್ರಮ್ಮ. ಎಲ್ಲರ ಸಾವಿಗೂ ಹಾಡಿದ ಪದ ಅವನ ಸಾವಿಗೇ ಬಾಕಿ ಉಳಿಯಿತು. ಹಿಂದೊಮ್ಮೆ ಸುರಪುರದ ಸ್ಟುಡಿಯೋದವನೊಬ್ಬ ಅದನ್ನು ಈ ಸಿ.ಡಿ.ಗೆ ತುಂಬಿಕೊಟ್ಟಿದ್ದ. ಆ ಸ್ಟುಡಿಯೋ ಈಗ ಮೊಬೈಲ್ ಕವರಿನ ಅಂಗಡಿ.

ಶಹಾಪುರ ಬಸ್ ಸ್ಟ್ಯಾಂಡಿನ ಎದುರು ನನ್ನದೂ ಅಲ್ತಾಫನದೂ ಪಾಲಿನ ಝೆರಾಕ್ಸ್ ಅಂಗಡಿ. ಸಿ.ಡಿ. ನುಂಗುವ ಬಾಯಿರುವ ಕಂಪ್ಯೂಟರ್ ಊರಲ್ಲಿ ಉಳಿದದ್ದು ನಮ್ಮಲ್ಲೇ. ಹಳೇ ಡಬ್ಬಿ. ಪುಕ್ಕಟೆ ಸಿಗುತ್ತದೆ, ಹಗುರವಾಗಿ ಓಡುತ್ತದೆ ಅಂತ ಅದರಲ್ಲಿ ಲಿನಕ್ಸ್ ಹಾಕಿಟ್ಟಿದ್ದೆ. “ನೀ ಬಸಲಿಂಗ, ಅದು ಲಿನಕ್ಸ್. ಇಬ್ಬರದೂ ಒಂದs ಬೆಡಗು, ಒಂದs ಕುಲ, ಅದಕ್ಕs ನಮ್ಮ ಮಾತು ಕೇಳಂಗಿಲ್ಲ” ಅನ್ನುವುದು ಅಲ್ತಾಫನ ದಿನದ ಮಾತು.

ಸಿ.ಡಿ. ಒಳಗೆ ಹೋಯಿತು. ಗಿರ್ ಅಂತ ತಿರುಗಿತು, ಖರಖರ ಅಂದಿತು, ನಿಂತಿತು. ಓದಲಾಗಲಿಲ್ಲ ಅಂತ ಪರದೆ ಹೇಳಿತು.

“ಸಿ.ಡಿ. ಅಂದಮ್ಯಾಲ ಸ್ವಲ್ಪ ಸಿಡಿಮಿಡಿ ಇರೋದs ತಂಗಿ” ಅಂದೆ. ಸುಮಂಗಲಾ ನಗಲಿಲ್ಲ.

ದೋಷ ಡ್ರೈವಿನದೋ ಸಿ.ಡಿ.ಯದೋ ಮೊದಲು ಗೊತ್ತಾಗಬೇಕಿತ್ತು. ಅಲ್ತಾಫನ ಅಕ್ಕನ ಮದುವೆ ಬ್ಯಾಂಡಿನ ಸಿ.ಡಿ. ಹಾಕಿದೆ. ಪೇಂ ಅಂತ ಅಂಗಡಿ ತುಂಬ ಊದಿತು. ಡ್ರೈವಿಗೆ ಏನೂ ಆಗಿಲ್ಲ. ತಾಯಪ್ಪನ ಸಿ.ಡಿ. ತೆಗೆದು ಬೆಳಕಿಗೆ ಓರೆ ಹಿಡಿದೆ. ಹೊಳೆಯುವ ಮೈಮೇಲೆ ಬೂದು ಬಣ್ಣದ ಮೂರು ಅಡ್ಡ ಗೆರೆ.

“ಇದೇನಿದು?”

“ವಿಭೂತಿ.” ಸುಮಂಗಲಾ ತಲೆ ತಗ್ಗಿಸಿದಳು. “ಅವ್ವ ಇದನ್ನ ಅಪ್ಪನ ಫೋಟೊದ ಬಾಜೂಕ ಜಗಲಿ ಮ್ಯಾಲ ಇಟ್ಟಾಳ್ರಿ. ಸೋಮವಾರಕ್ಕೊಮ್ಮೆ ಕೈ ಹಸಿ ಮಾಡ್ಕೊಂಡು ಎಳೀತಾಳ. ಹೊಳಿಯೋ ಕಡಿನೇ ಮಾರಿ, ಹೆಸರು ಬರದ ಕಡಿ ಬೆನ್ನು ಅಂತ ಆಕಿ ಲೆಕ್ಕ. ನಾನೂ ಬ್ಯಾಡ ಅನ್ನಲಿಲ್ಲ. ನನಗs ಎಲ್ಲಿ ಗೊತ್ತಿತ್ತು?”

ನನಗೆ ಸಿಟ್ಟು ಬರಲಿಲ್ಲ. ದನಿ ಇರುವ ಕಡೆಯೇ ಮುಖ ಅಂದುಕೊಂಡವಳನ್ನು ತಪ್ಪು ಅನ್ನುವುದು ಹೇಗೆ?

ಹತ್ತಿ ಒದ್ದೆ ಮಾಡಿಕೊಂಡೆ. ಅವಳು ನನ್ನ ಕೈ ತಡೆದಳು. “ಒರಸಿದ್ದನ್ನ ಚೆಲ್ಲಬ್ಯಾಡ್ರಿ ಅಣ್ಣ.” ಒಂದು ಕಾಗದ ಹಾಸಿ, ನಡುವಿನ ತೂತಿನಿಂದ ಅಂಚಿನ ಕಡೆಗೆ ನೆಟ್ಟಗೆ ಒರೆಸುತ್ತ ಬಂದೆ. ಸುತ್ತ ತಿರುವಿ ಒರೆಸಬಾರದು. ಹಾಡು ಇರುವುದೂ ಸುತ್ತಾಗಿಯೇ, ಒರೆಸುವಾಗ ಬಿದ್ದ ಗೀರು ಅದರ ಜೊತೆಗೇ ಓಡಿ ಉದ್ದಕ್ಕೂ ಕೆಡಿಸುತ್ತದೆ. ಬೂದಿ ಮೆತ್ತಿದ ಹತ್ತಿಯನ್ನೆಲ್ಲ ಕಾಗದದಲ್ಲಿ ಮಡಚಿ ಅವಳ ಕೈಗಿತ್ತೆ. ಆದರೆ ಬೂದಿ ಹೋದ ಜಾಗದಲ್ಲಿ ಗೀರು ಉಳಿದಿದ್ದವು. ವರ್ಷವಿಡೀ ಉಜ್ಜಿದ್ದು.

ಮತ್ತೆ ಹಾಕಿದೆ. ತಾಳ ಕೇಳಿತು. ಆಮೇಲೆ ತಾಯಪ್ಪನ ದನಿ: ‘ದೀಪ ಸಣ್ಣ ಮಾಡಬ್ಯಾಡs…’

ಸುಮಂಗಲಾ ಬಾಯಿಗೆ ಸೆರಗು ಒತ್ತಿಕೊಂಡಳು. ಎರಡು ನುಡಿ ಚೆನ್ನಾಗಿ ಬಂತು. ಮೂರನೆಯದಕ್ಕೆ ಖರಖರ, ಅಲ್ಲೇ ಸಿಕ್ಕಿಕೊಂಡಿತು. ಹಾಡಿಸುವುದು ಬೇಡ, ನೇರ ಕಾಪಿ ಮಾಡೋಣ ಅಂತ ಎಳೆದು ಫೋಲ್ಡರಿಗೆ ಬಿಟ್ಟೆ. ಅದೂ ಅದೇ ಜಾಗಕ್ಕೆ ಬಂದು ದೋಷ ಅಂತ ಕೈಚೆಲ್ಲಿತು.

ಇನ್ನೊಂದು ದಾರಿ ಇತ್ತು. ಲಿನಕ್ಸಿನಲ್ಲಿ ಒಂದು ಹಳೇ ಪ್ರೋಗ್ರಾಮು ಇದೆ. ಕಪ್ಪು ಕಿಟಕಿಯಲ್ಲಿ ಒಂದೇ ಜಾಗವನ್ನು ಮತ್ತೆ ಮತ್ತೆ ಓದಿ, ಓದಿದ್ದು ಒಂದಕ್ಕೊಂದು ಹೊಂದಿದರೆ ಮಾತ್ರ ಬರೆದುಕೊಳ್ಳುತ್ತದೆ. ಓಡಬೇಡ, ನಡಿ ಅಂತ ಡ್ರೈವಿನ ವೇಗವನ್ನೂ ಇಳಿಸಿದೆ. ಕೆಲಸ ಹೇಗೆ ನಡೆದಿದೆ ಅನ್ನುವುದನ್ನು ಆ ಪ್ರೋಗ್ರಾಮು ಒಂದು ಪುಟ್ಟ ಮುಖದಿಂದ ತೋರಿಸುತ್ತದೆ. ಸಲೀಸಿದ್ದರೆ ನಗುಮುಖ, ಗೀರು ಸಿಕ್ಕರೆ ಸೊಟ್ಟ ಮುಖ.

ನಗುಮುಖ ಬಹಳ ಹೊತ್ತು ಇತ್ತು. ಆಮೇಲೆ ಸೊಟ್ಟಗಾಯಿತು.

“ಅಣ್ಣ, ಅಳಾಕತ್ತದ ಅದು” ಅಂದಳು ಸುಮಂಗಲಾ.

ಪರದೆಯ ಮೇಲೆ ;-( ಅಂತ ಬಂದಿತ್ತು. ಇನ್ನು ನನ್ನ ಕೈಲಾಗದು, ಬಿಟ್ಟು ಮುಂದೆ ಹೋಗುತ್ತೇನೆ ಅಂತ ಅದರ ಅರ್ಥ. ಅವಳಿಗೆ ಹೇಳಲಿಲ್ಲ. ಕೊನೆಗೆ ನಗುತ್ತಲೇ ಮುಗಿಸಿತು. ಕೇಳಿ ನೋಡಿದೆವು. ಮೂರನೇ ನುಡಿಯ ಜಾಗ ಬರೀ ಮೌನ. ಅದಾದ ಮೇಲೆ ತಾಯಪ್ಪ ಏನೂ ಆಗದವನಂತೆ ನಾಲ್ಕನೆಯದಕ್ಕೆ ಬಂದಿದ್ದ.

ನಡುವಿನ ವಿಭೂತಿ ಗೆರೆ ಹಾಡನ್ನು ಅಡ್ಡ ಹಾದಿತ್ತು, ಅದನ್ನು ಮಷಿನ್ ದಾಟಿಕೊಂಡಿತ್ತು. ಮೇಲಿನದು, ಕೆಳಗಿನದು ಮಾತ್ರ ಒಂದು ಕಡೆ ಹಾಡಿನ ಜೊತೆಗೇ ಓಡಿದ್ದವು. ಹೋದದ್ದು ಅಲ್ಲಿ.

ಸುಮಂಗಲಾ ಕಾಗದದ ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಅಂದಳು: “ಗಣಪತಿ ಕಾರ್ಯಕ್ರಮದಾಗ ನೀವು ಮಿಮಿಕ್ರಿ ಮಾಡಿ ಅಪ್ಪನ ದನಿ ತಗದಿದ್ರಿ. ದಮ್ಮು, ಕೆಮ್ಮು ಎಲ್ಲಾ. ಅಪ್ಪ ಮುಂದ ಕೂತು ಹೊಟ್ಟಿ ಹಿಡ್ಕೊಂಡು ನಕ್ಕಿದ್ದ. ಆ ನುಡಿ ನನಗ ಬಾಯಿಪಾಠ ಬರ್ತದ. ನೀವು ಹಾಡಿ ಆ ಜಾಗಕ್ಕ ಕೂಡಸ್ರಿ.”

“ತಂಗಿ, ಅದು…”

“ತನ್ನ ಕೈಯಿಂದs ಹಾಳಾಗ್ಯಾದ ಅಂತ ಅವ್ವಗ ಗೊತ್ತಾದ್ರ ಆಕಿ ಉಣ್ಣಂಗಿಲ್ರಿ ಅಣ್ಣ.”

ಅವಳು ಹೇಳಿಕೊಟ್ಟಳು, ನಾನು ಹಾಡಿ ಮೊಬೈಲಿನಲ್ಲಿ ತುಂಬಿ ಕೂಡಿಸಿದೆ. ಹೊಲಿಗೆ ಕಾಣದ ಹಾಗೆ ಕೂತಿತು. ಸುಮಂಗಲಾ ಕೇಳಿ ಕಣ್ಣೊರೆಸಿಕೊಂಡು ಬಸ್ಸಿಗೆ ಹೋದಳು. ಅಲ್ತಾಫ್ ಅಲ್ಲೇ ಮಷಿನ್ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದ.

“ಹೆಂಗಾಗ್ಯಾದ?” ಅಂದೆ.

“ಏಕದಂ ಅವರದs.” ಝೆರಾಕ್ಸ್ ಕಾಗದ ಜೋಡಿಸುತ್ತಲೇ ಅಂದ: “ಮಂದಿ ನಗಸಾಕ ತಗದ ದನಿ ಬ್ಯಾರೆ, ಯಾರ್. ಅವಾಗ ತಾಯಪ್ಪ ಕಾಕಾ ಮುಂದ ಕೂತಿದ್ದ.”

ಪೆನ್ ಡ್ರೈವಿನಲ್ಲಿ ಎರಡೂ ಹಾಕಿಕೊಂಡೆ, ನನ್ನ ದನಿ ಕೂಡಿಸಿದ್ದು, ಕೂಡಿಸದೆ ಬಿಟ್ಟಿದ್ದು.

ಸೋಮವಾರ ಬೋನಾಳದಲ್ಲಿ ಅವರ ಅಂಗಳದ ತುಂಬ ಜನ. ಮಾಲೆ ಹಾಕಿದ ಫೋಟೊ, ಪಕ್ಕದಲ್ಲಿ ಹಗಲಲ್ಲೇ ಹಚ್ಚಿದ ದೀಪ. ಮೇಳದವರು ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರು. ಎಲ್ಲರಿಗಿಂತ ಮುಂದಿನ ಜಾಗ ಖಾಲಿ. ನನ್ನ ಸ್ಪೀಕರನ್ನು ಅಲ್ಲೇ ಇಡಲು ಹೇಳಿದ ಭಾಗಣ್ಣ ಕಾಕಾ. ಅವನ ಕೈಯಲ್ಲಿ ತಾಳ ಇದ್ದವು, ರೂಢಿಗೆ.

ಸುಂದ್ರಮ್ಮ ಹತ್ತಿರ ಬಂದು ಸ್ಪೀಕರಿನ ಮೈ ಸವರಿದಳು. ಅವಳ ಕಣ್ಣು ಮಂದವಾಗಿವೆ.

“ಇದ್ರಾಗ ಅವರದs ದನಿ ಅದ ಅಲ್ಲೇನೋ ತಮ್ಮಾ?”

“ಹೌದಬೇ.”

“ಪೂರಾ ಅವರದs?”

ಊರಲ್ಲಿ ಯಾರ ದನಿ ಬೇಕಾದರೂ ತೆಗೆಯುವವನು ನಾನು. ಸುಮಂಗಲಾ ನನ್ನನ್ನೇ ನೋಡುತ್ತಿದ್ದಳು. ಕೂಡಿಸಿದ್ದರ ಮೇಲಿದ್ದ ಬೆರಳನ್ನು ಪಕ್ಕಕ್ಕೆ ಸರಿಸಿ ಕೂಡಿಸದೆ ಬಿಟ್ಟಿದ್ದನ್ನು ಹಚ್ಚಿದೆ.

“ಪೂರಾ ಅವರದs ಅದಬೇ” ಅಂದೆ.

ತಾಳ, ದನಿ, ಪಲ್ಲವಿ. ಅಂಗಳದಲ್ಲಿ ಒಬ್ಬರೂ ಅಲ್ಲಾಡಲಿಲ್ಲ. ಒಂದನೇ ನುಡಿ, ಎರಡನೆಯದು. ಮೂರನೆಯದರ ಬಾಯಲ್ಲೇ ತಾಯಪ್ಪ ನಿಂತುಬಿಟ್ಟ.

ಮೌನ. ಕೆರೆ ಕಡೆಯಿಂದ ಹಕ್ಕಿಯೊಂದು ಕೂಗಿದ್ದು ಕೇಳಿತು. ಸುಮಂಗಲಾ ಕಣ್ಣು ಮುಚ್ಚಿದಳು. ನಾನು ಸ್ಪೀಕರನ್ನೇ ನೋಡುತ್ತಿದ್ದೆ, ಅದು ಹಾಡಿಬಿಡಬಹುದೇನೋ ಅನ್ನುವ ಹಾಗೆ.

ಸುಂದ್ರಮ್ಮ ನೆಟ್ಟಗಾದಳು.

“ಅವರಿಗಿ ದಮ್ಮು ಹತ್ಯಾದ! ಏ ಭಾಗಣ್ಣಾ, ಏನ್ ಮಾರಿ ನೋಡಾಕತ್ತೀದಿ? ಪದ ಬೀಳಾಕತ್ತದ, ಹಿಡಿಯೋ!”

ಭಾಗಣ್ಣ ಕಾಕಾನ ತಾಳ ತಾವಾಗಿಯೇ ಎದ್ದವು. ‘ದೀಪ ಸಣ್ಣ ಮಾಡಬ್ಯಾಡs…’ ಹಿಂದಿನವರು ಹಿಡಿದರು, ‘…ಬರುವವ ಇನ್ನೂ ದಾರ್ಯಾಗಾನ.’ ಒಮ್ಮೆ ತಿರುಗಿತು, ಮತ್ತೊಮ್ಮೆ. ಖಾಲಿ ಜಾಗದತ್ತ ಎಲ್ಲರ ಕಣ್ಣು, ಅಲ್ಲಿ ಎತ್ತಿದ ಎಡಗೈ ಇನ್ನೇನು ಇಳಿಯುತ್ತದೆ ಅನ್ನುವಂತೆ.

ಇಳಿಯಿತು. ನಾಲ್ಕನೇ ನುಡಿಗೆ ತಾಯಪ್ಪ ಬಂದ. ತಾಳ ಒಂದಿಷ್ಟು ಮುಂದೆ ಹೋಗಿತ್ತು. ಭಾಗಣ್ಣ ಕಾಕಾ ಅದನ್ನು ಹಿಂದಕ್ಕೆಳೆದು, ತಾಯಪ್ಪನ ದನಿಗೆ ಕೂಡಿಸಿಕೊಂಡು, ಅಳುತ್ತಲೇ ಬಾರಿಸಿದ.

ಮುಗಿದ ಮೇಲೆ ಸುಮಂಗಲಾ ವಿಭೂತಿಯ ಪೊಟ್ಟಣವನ್ನು ತಾಯಿಯ ಕೈಗಿಟ್ಟಳು. “ಸಿ.ಡಿ. ಮ್ಯಾಲಿಂದು, ಅವ್ವಾ.” ಸುಂದ್ರಮ್ಮ ಪೊಟ್ಟಣ ಬಿಚ್ಚಿ, ಹತ್ತಿಯನ್ನು ಮುಟ್ಟಿ ನೋಡಿ, ತನ್ನ ಮೂರು ಬೆರಳನ್ನು ಬಹಳ ಹೊತ್ತು ಒಂದಕ್ಕೊಂದು ಉಜ್ಜುತ್ತ ಕೂತಳು. ಏನು ತಿಳಿಯಿತೋ ನಾನು ಕೇಳಲಿಲ್ಲ. ಆಮೇಲೆ ಆ ಬೂದಿಯನ್ನು ತನ್ನ ಹಣೆಗೆ ಹಚ್ಚಿಕೊಂಡಳು.

“ಇನ್ನೊಮ್ಮೆ ಹಚ್ಚೋ ತಮ್ಮಾ. ಉಣ್ಣೋದು ಆಮ್ಯಾಲ.”

ಹಚ್ಚಿ, ಎದ್ದು ಹೋಗಿ ಹಿಮ್ಮೇಳದ ಕೊನೆಗೆ ಕೂತೆ. ಆ ಜಾಗ ಬಂದಾಗ ನಾನೂ ಪಲ್ಲವಿ ಹಿಡಿದೆ. ಭಾಗಣ್ಣ ಕಾಕಾ ಬೇಸುರ ಎಲ್ಲಿಂದ ಬಂತು ಅಂತ ಹೊರಳಿ ನೋಡಿದ. ನಾನು ಸ್ವಂತ ದನಿಯಲ್ಲಿ ಹಾಡಿದ್ದನ್ನು ಅವನು ಅದಕ್ಕೆ ಮುಂಚೆ ಕೇಳಿರಲಿಲ್ಲ.