ಕೆಂಪು ವಸ್ತ್ರದೊಳಗಿನ ಏಳನೇ ಭಾಗ

ಸಕ್ಕೂಬಾಯಿ ಎಂಬ ಮುತ್ತಜ್ಜಿಯ ಹೆಸರನ್ನು ನನಗೆ ಅಂಟಿಸಿದವಳು ನನ್ನಜ್ಜಿ ಇಂದೂಬಾಯಿ. ಅದಕ್ಕೇ ಅವಳ ಮೇಲೆ ಒಂದಿಷ್ಟು ಸಿಟ್ಟು ಮೊದಲಿನಿಂದಲೂ ಇತ್ತು. ಉಳಿದ ಸಿಟ್ಟು ಕಾದಂಬರಿಗಳದ್ದು.

ತೊಂಬತ್ತನಾಲ್ಕನೇ ಇಸವಿ, ನನಗೆ ಹದಿನಾಲ್ಕು ವರ್ಷ. ನಮ್ಮೂರಿನ ರೋಜಾ ಓಣಿಯಲ್ಲಿ ಮಂಜೂರ್ ಸಾಹೇಬರ ಬಾಡಿಗೆ ಪುಸ್ತಕದ ಅಂಗಡಿಯಿತ್ತು. 'ಏಳು ದೀಪದ ಕೋಟೆ' ಮಾಲೆಯ ಆರು ಭಾಗಗಳನ್ನು ಅಲ್ಲಿಂದಲೇ ತಂದು ಓದಿದ್ದೆ. ಆರನೇ ಭಾಗದ ಕೊನೆಯಲ್ಲಿ ಮಿಂಚಿ ಎಂಬ ಹುಡುಗಿ ಎಂಟು ಕಣ್ಣಿನ ಕಾವಲುಗಾರನ ಎದುರು ನಿಂತಿದ್ದಳು. ಆರು ದೀಪ ಉರಿಯುತ್ತಿದ್ದವು, ಏಳನೆಯದಕ್ಕೆ ಬತ್ತಿಯೇ ಇರಲಿಲ್ಲ. ಅವಳನ್ನು ಅಲ್ಲಿ ನಿಲ್ಲಿಸಿ ನಾಲ್ಕು ತಿಂಗಳು ಸುಮ್ಮನಿದ್ದ ಲೇಖಕನಿಗೆ ನಾನು ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ಊಟಕ್ಕೆ ಕೂತರೂ ಮಿಂಚಿ, ಗಣಿತದ ತಾಸಿನಲ್ಲೂ ಮಿಂಚಿ.

ಕೊನೆಗೂ ಒಂದು ಶುಕ್ರವಾರ ಏಳನೇ ಭಾಗ ಬಂತು. "ಒಂದೇ ಕಾಪಿ ಅದ ಬೇಟಾ, ಸೋಮವಾರ ವಾಪಸ್ ಬೇಕು. ನಿನ್ನ ಹಿಂದ ಒಂಬತ್ತು ಮಂದಿ ಕಾಯಲಿಕತ್ತಾರ" ಅಂದರು ಸಾಹೇಬರು.

ಬ್ರಹ್ಮಪುರ ಓಣಿಯ ಮನೆಗೆ ಓಡಿ ಬಂದರೆ ಅಜ್ಜಿ ಹೊಸ್ತಿಲಲ್ಲೇ ಮುಖಪುಟ ನೋಡಿದಳು. "ಈ ಪಿಶಾಚಿ ಚಿತ್ರ ನಮ್ಮ ಮನ್ಯಾಗ ಬ್ಯಾಡ. ನಾಳಿ ಕಣ್ಣಿಗೆ ಬಿತ್ತಂದ್ರ ಬಚ್ಚಲ ಒಲಿಗೆ ಹಾಕ್ತೀನಿ" ಅಂದಳು. ಅಂದದ್ದನ್ನು ಮಾಡುವ ಹೆಂಗಸು ಅವಳು.

ಮನೆಯಲ್ಲಿ ಯಾರೂ ಕೈಯಿಡದ ಜಾಗ ಒಂದೇ ಇತ್ತು, ದೇವರ ಕೋಣೆ. ಅಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ಅಪ್ಪನ ಪೋಥಿಯನ್ನು, ಅಂದರೆ ಪೂಜೆಯ ಕಥೆಯ ಪುಸ್ತಕವನ್ನು, ಮಡಿಯಿಲ್ಲದೆ ಯಾರೂ ಮುಟ್ಟುತ್ತಿರಲಿಲ್ಲ. ರಾತ್ರಿ ಅರ್ಧ ಓದಿ ಮುಗಿಸಿ, ಬೆಳಗ್ಗೆ ಸ್ನಾನಕ್ಕಿಂತ ಮುಂಚೆಯೇ ಹೋಗಿ ಪೋಥಿಯನ್ನು ಹೊರಗೆ ತೆಗೆದೆ. ಗಾತ್ರ ಹೆಚ್ಚುಕಡಿಮೆ ಒಂದೇ. ಮಿಂಚಿಯನ್ನು ವಸ್ತ್ರದೊಳಗೆ ಕಟ್ಟಿದೆ, ಪೋಥಿಯನ್ನು ನನ್ನ ಟ್ರಂಕಿನಲ್ಲಿಟ್ಟೆ. ಅಪ್ಪ ಕಮಲಾಪುರದ ಪೂಜೆಗೆ ಹೊರಡುವುದು ಮಧ್ಯಾಹ್ನ ಎರಡಕ್ಕೆ. ನನ್ನ ಶನಿವಾರದ ಶಾಲೆ ಹನ್ನೊಂದಕ್ಕೇ ಬಿಡುತ್ತದೆ. ನನ್ನ ಬುದ್ಧಿಗೆ ನಾನೇ ಶಭಾಶ್ ಅಂದುಕೊಂಡೆ.

ಅಪ್ಪ ಬಂಡಾಚಾರ್ ಮೂವತ್ತು ವರ್ಷ ಸತ್ಯನಾರಾಯಣ ಪೂಜೆಯ ಕಥೆಯನ್ನು ಪೋಥಿ ಮುಚ್ಚಿಟ್ಟೇ ಹೇಳಿದವನು. ಹೋದ ದೀಪಾವಳಿಯಿಂದ ಪೋಥಿ ತೆರೆಯತೊಡಗಿದ. ಶ್ರಾವಣದಲ್ಲಿ ಜಗತ್ ಸರ್ಕಲ್ ಹತ್ತಿರದ ಒಂದು ಮನೆಯಲ್ಲಿ ಎಲ್ಲಿ ಓದುತ್ತಿದ್ದೇನೆಂಬುದನ್ನೇ ಮರೆತು, ಎರಡನೇ ಅಧ್ಯಾಯದಿಂದ ನಾಲ್ಕಕ್ಕೆ ಜಿಗಿದಿದ್ದ. ಕೂತವರು ನಕ್ಕರು, ಕೆಲವರು ಎದ್ದು ಹೋದರು, ಆ ಮನೆಯವರು ಆಮೇಲೆ ಬೇರೆಯವರನ್ನು ಕರೆದರು. "ಕಮಲಾಪುರದಾಗ ಹಂಗ ಆದ್ರ ಮುಗೀತವ್ವಾ, ಮತ್ತ ಯಾರೂ ಕರೆಯಂಗಿಲ್ಲ" ಎಂದು ಅಪ್ಪ ಅಜ್ಜಿಗೆ ಹೇಳಿದ್ದನ್ನು ಬಾಗಿಲ ಹಿಂದಿನಿಂದ ಕೇಳಿದ್ದೆ. ಕೇಳಿ ಅಯ್ಯೋ ಅನ್ನಿಸಿತ್ತು. ಅನ್ನಿಸಿ ಮತ್ತೆ ಕಾದಂಬರಿಗೆ ಮುಖ ಹಾಕಿದ್ದೆ.

ಹನ್ನೊಂದೂವರೆಗೆ ಮನೆಗೆ ಬಂದರೆ ದೇವರ ಕೋಣೆಯಲ್ಲಿ ಗಂಟು ಇಲ್ಲ.

"ಅಪ್ಪ ಎಲ್ಲಿ?"

"ಕಮಲಾಪುರದ ಯಂಕಪ್ಪ ಜೀಪ್ ತಂದಿದ್ದ, ಹತ್ತಕ್ಕೇ ಕರ್ಕೊಂಡು ಹ್ವಾದ. ನಾಲ್ಕಕ್ಕ ಪೂಜಿ ಅಂತ. ಯಾಕ, ಮುಖ ಯಾಕ ಹಂಗಾತು?" ಅಂದಳು ಅಜ್ಜಿ.

ಟ್ರಂಕಿನಿಂದ ಪೋಥಿಯನ್ನು ಪಾಟಿ ಚೀಲಕ್ಕೆ ತುರುಕಿ, ಗೆಳತಿಯ ಮನೆಗೆಂದು ಸುಳ್ಳು ಹೇಳಿ ಬಸ್‌ಸ್ಟ್ಯಾಂಡಿಗೆ ಓಡಿದೆ. ಹುಮನಾಬಾದಿನ ಮೊದಲ ಬಸ್ಸು ಕೆಟ್ಟು ನಿಂತಿತ್ತು. ಎರಡನೆಯದು ಹೊರಟಾಗ ಎರಡೂವರೆ. ಮಹಾಗಾಂವ ಕ್ರಾಸಿನಲ್ಲಿ ಡ್ರೈವರ್ ಚಹಾಕ್ಕೆ ಇಳಿದವನು ಬರಲೇ ಒಲ್ಲ. ಅವನ ಚಹಾದಲ್ಲಿ ನೊಣ ಬೀಳಲಿ ಎಂದು ಹಲ್ಲು ಕಡಿಯುತ್ತ ಕೂತೆ. ಕಮಲಾಪುರದಲ್ಲಿ ಇಳಿದಾಗ ನಾಲ್ಕೂಮುಕ್ಕಾಲು.

ಯಂಕಪ್ಪನ ಪಡಸಾಲೆ ತುಂಬ ಮಂದಿ. ಹೆಂಗಸರ ನಡುವೆ ನುಸುಳಿ ಕೂತೆ. ಎದುರಿಗೆ ಅಪ್ಪ. ಮುಂದಿನ ಮಣೆಯ ಮೇಲೆ ಕೆಂಪು ವಸ್ತ್ರ ಬಿಚ್ಚಿತ್ತು, ಅದರ ಮೇಲೆ ಮುಖಪುಟದ ಎಂಟು ಕಣ್ಣು ಕೆಳಗಾಗಿ ನನ್ನ ಏಳನೇ ಭಾಗ ತೆರೆದು ಬಿದ್ದಿತ್ತು. ಅಪ್ಪ ಬಾಯಿಪಾಠದಲ್ಲೇ ಎರಡು ಅಧ್ಯಾಯ ದಾಟಿಸಿದ್ದ. ಅಂಗವಸ್ತ್ರ ಬೆವರಿಗೆ ಒದ್ದೆಯಾಗಿತ್ತು.

"ಆಗ ಆ ವ್ಯಾಪಾರಿ..." ಅಂದ. ನಿಂತ. ಬೆರಳು ಕಾದಂಬರಿಯ ಸಾಲಿನ ಮೇಲೆ ಸುಮ್ಮನೆ ಜಾರಿತು. "ಆ ವ್ಯಾಪಾರಿ..."

ಯಂಕಪ್ಪನ ತಮ್ಮ ಭಾಗಪ್ಪ ಪಕ್ಕದವನ ಕಿವಿಯಲ್ಲಿ ಏನೋ ಅಂದ. ಇಬ್ಬರೂ ನಕ್ಕರು. ಹಿಂದೆ ಒಬ್ಬ ಮೊಣಕಾಲು ಹಿಡಿದು ಏಳಲು ನೋಡಿದ.

ಪೋಥಿ ನನ್ನ ಚೀಲದಲ್ಲಿ, ಅಪ್ಪ ಐದು ಹೆಜ್ಜೆ ಆಚೆ. ಆದರೆ ಬಸ್ಸಿನಲ್ಲಿ ಬಂದ ಮೈಲಿಗೆಯ ನಾನು ಕೊಟ್ಟರೆ ಮಡಿಯಲ್ಲಿದ್ದ ಅಪ್ಪ ಮುಟ್ಟುವಂತಿರಲಿಲ್ಲ. ಚೀಲದಿಂದ ಪೋಥಿ ತೆಗೆದರೆ ಮಣೆಯ ಮೇಲಿನದು ಏನೆಂದು ಎಲ್ಲರಿಗೂ ತಿಳಿಯುತ್ತಿತ್ತು. ನನಗೆ ಅಳು ಬಂತು. ಅಳುವಿನ ಜೊತೆ ಬಾಯಿಯೂ ತೆರೆಯಿತು.

"ಅಪ್ಪಾ, ವ್ಯಾಪಾರಿ ಹರಕಿ ಮರ್ತನಲ್ಲ, ಅದಕ್ಕೇ ರಾಜನ ಸಿಪಾಯಿಗಳು ಅವನ್ನ ಹಿಡಿದ್ರೇನು?"

ಎಲ್ಲರೂ ತಿರುಗಿದರು. ಯಂಕಪ್ಪ ಹುಬ್ಬು ಗಂಟಿಕ್ಕಿದ. ಅವನ ತಾಯಿ ಮಲ್ಕಮ್ಮ ಕೈಯೆತ್ತಿ, "ಕೇಳ್ಲಿ ಬಿಡೋ. ಕಥಿಗೆ ಹೂಂ ಅನ್ನೋರು ಒಬ್ರು ಬೇಕು" ಅಂದಳು.

ಅಪ್ಪ ನನ್ನನ್ನು ನೋಡಿದ.

"ಹಿಡಿದ್ರು. ಕಳ್ಳ ಅಂತ ಹಿಡಿದು ಸೆರಿಮನಿಗೆ ಹಾಕಿದ್ರು" ಅಂದ. ದನಿ ಗಟ್ಟಿಯಾಯಿತು, ಕಥೆ ನಡೆಯಿತು.

ಅವನು ತಡೆದಲ್ಲೆಲ್ಲ ನಾನು ಕೇಳಿದೆ. ಸನ್ಯಾಸಿ ಬಂದು ಹಡಗಿನಾಗ ಏನದ ಅಂದನೇನು? ಮಗಳು ಪ್ರಸಾದ ಬಿಟ್ಟು ಓಡಿದಳೇನು? ಪ್ರತಿ ಪ್ರಶ್ನೆಯಲ್ಲೂ ಮುಂದಿನ ಮಾತನ್ನು ಅಡಗಿಸಿ ಕೊಟ್ಟೆ. ಏಳುತ್ತಿದ್ದವನು ಮತ್ತೆ ಕೂತ.

ಐದನೇ ಅಧ್ಯಾಯಕ್ಕೆ ಬಂದು ಅಪ್ಪ ಮತ್ತೆ ನಿಂತ. ನಾನು ಬಾಯಿ ತೆರೆದೆ. ತಲೆಯಲ್ಲಿ ಮಿಂಚಿ ಬಿಟ್ಟು ಏನೂ ಇರಲಿಲ್ಲ. ಹುಟ್ಟಿದಂದಿನಿಂದ ಕೇಳಿದ ಕಥೆ ನನಗೂ ಮರೆತುಹೋಗಿತ್ತು. ಭಾಗಪ್ಪ ಕೆಮ್ಮಿದ.

"ಆಚಾರ್ರೇ, ಆ ರಾಜ ಸೊಕ್ಕಿಲೆ ಪ್ರಸಾದ ತಿನಲಾರದೆ ಹ್ವಾದನಲ್ರೀ, ಅವನ ಗತಿ ಏನಾತ್ರೀ?"

ಕೇಳಿದವಳು ಮಲ್ಕಮ್ಮ. ಕೇಳಿ, ಏನೂ ಆಗದವಳಂತೆ ಸೆರಗು ಸರಿಮಾಡಿಕೊಂಡಳು. ಮಂಗಳಾರತಿಯ ಮೇಲೆ ನನ್ನ ಕೈಗೆ ಎರಡು ಕೆಂಪು ಬಾಳೆಹಣ್ಣು ಇಟ್ಟು, "ಮುಂದಿನ ಸಲನೂ ಅಪ್ಪನ ಕೂಡ ಬಾ" ಅಂದಳು. ಆ ಮುದುಕಿಯ ಕಾಲು ಹಿಡಿಯಬೇಕು ಅನ್ನಿಸಿತು.

ವಾಪಸ್ ಬಸ್ಸಿನಲ್ಲಿ ಅಪ್ಪ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮಹಾಗಾಂವ ದಾಟುವವರೆಗೂ ಬೈಗುಳಕ್ಕೆ ಕಾದೆ. ತಡೆಯಲಾಗದೆ ನಾನೇ, "ತಪ್ಪಾತಪ್ಪಾ" ಅಂದೆ.

"ಪ್ರಸಾದಕ್ಕ ಮಂದಿ ಎದ್ದಾಗ ನಾಲ್ಕು ಪುಟ ಓದಿದೆ" ಅಂದ ಅಪ್ಪ. "ಆ ಹುಡುಗಿ ಬತ್ತಿ..."

"ಹೇಳಬ್ಯಾಡ!" ಎಂದು ಕಿರುಚಿದೆ. ಕಂಡಕ್ಟರ್ ತಿರುಗಿ ನೋಡಿದ.

ಅಪ್ಪ ನಕ್ಕ. ಆಮೇಲೆ ಕಿಟಕಿಯ ಕಡೆ ತಿರುಗಿ, "ಇದರ ಒಂದನೇ ಭಾಗ ಸಾಹೇಬರ ಹತ್ರ ಅದ ಏನು?" ಅಂದ.

"ಅದ. ನಿನಗ್ಯಾಕ?"

"ಇದನ್ನ ನಡುವ ಮರೆತ್ರ ಯಾರೂ ಎದ್ದು ಹೋಗಂಗಿಲ್ಲ ಸಕ್ಕೂ. ಮತ್ತ ಮೊದಲಿಂದ ಓದಬಹುದು."

ಸೋಮವಾರ ಏಳನೇ ಭಾಗ ಕೊಟ್ಟು ಒಂದನೆಯದನ್ನು ತಂದೆ. ಪೂಜೆಗೆ ಹೋದಲ್ಲೆಲ್ಲ ಪ್ರಶ್ನೆ ಕೇಳಲು ನಾನೂ ಹೋಗುತ್ತಿದ್ದೆ, ಮನೆಗೆ ಬಂದು ಅಪ್ಪ ಕಾದಂಬರಿ ಹಿಡಿಯುತ್ತಿದ್ದ. ನಡುವೆ ತಲೆಯೆತ್ತಿ, "ಈ ಮಿಂಚಿ ಯಾರು?" ಅನ್ನುತ್ತಿದ್ದ. ನಾನು ಹೇಳುತ್ತಿದ್ದೆ, ಅವನು ಖುಷಿಯಿಂದ ಮತ್ತೆ ಮೊದಲ ಪುಟಕ್ಕೆ ಹೋಗುತ್ತಿದ್ದ. ಎರಡನೇ ಭಾಗವನ್ನು ನಾನು ತರಬೇಕಾಗಿ ಬರಲೇ ಇಲ್ಲ.